ಹದಿನಾಲ್ಕು ಪಾಯಿಂಟ್ ಎರಡು

ಸ್ವಲ್ಪ ಕೂತು ಇದನ್ನು ಪೂರ್ತಿ ಕೇಳಿ. ಅರ್ಧಕ್ಕೆ ಎದ್ದು ಹೋದರೆ ತಪ್ಪು ಯಾರದೆಂದು ಆತುರಕ್ಕೆ ತೀರ್ಪು ಕೊಟ್ಟುಬಿಡುತ್ತೀರಿ, ಅದಕ್ಕೇ ಹೇಳುತ್ತಿರುವುದು.

ಆ ಮನೆಯಲ್ಲಿ ನಾಲ್ಕೇ ಜನ. ನಲವತ್ತು ವರ್ಷ ಗಾಡಿ ರಿಪೇರಿ ಮಾಡಿ, ಕೈ ನಡುಕ ಶುರುವಾದ ಮೇಲೆ ಗ್ಯಾರೇಜು ಮುಚ್ಚಿ ಕೂತ ಮಾವ. ಎರಡೂ ಕಿಡ್ನಿ ಕೈಕೊಟ್ಟ ಅತ್ತೆ. ಅವರ ಒಬ್ಬಳೇ ಮಗಳು. ಅವಳನ್ನು ಕಟ್ಟಿಕೊಂಡು ಅಲ್ಲೇ ಉಳಿದ ಅಳಿಯ, ಟಿವಿ ರಿಪೇರಿಯವನು. ಮನೆಅಳಿಯ ಎಂದ ಮೇಲೆ ಕೇಳಬೇಕೆ, ಒಲೆ ಪಕ್ಕದ ಬೆಕ್ಕಿಗಿದ್ದ ಮರ್ಯಾದೆಯೂ ಅವನಿಗಿರಲಿಲ್ಲ. ಏನು ಕೆಟ್ಟರೂ ಜೇಬಿನಿಂದ ಮೀಟರ್ ತೆಗೆದು ಎರಡು ಕಡ್ಡಿ ಚುಚ್ಚುತ್ತಾನೆಂದು ಮಾವ ಏಳು ವರ್ಷದಿಂದ ಅವನನ್ನು ಮೀಟರ್ ಮೇಷ್ಟ್ರು ಎಂದೇ ಕರೆಯುತ್ತಿದ್ದರು.

ಅತ್ತೆಗೆ ದಿನ ಬಿಟ್ಟು ದಿನ ಡಯಾಲಿಸಿಸ್. ಆಸ್ಪತ್ರೆ ನಲವತ್ತು ಕಿಲೋಮೀಟರ್ ದೂರ, ಇದ್ದದ್ದೊಂದು ಹಳೆಯ ಕಾರು. ಒಂದು ಸೋಮವಾರ ದಾರಿಯಲ್ಲಿ ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪ ಕೆಂಪಾಯಿತು, ಹಿಂದೆಯೇ ಇಂಜಿನ್ ಸತ್ತಿತು. ಯಾರೋ ಪುಣ್ಯಾತ್ಮರು ಹಗ್ಗ ಕಟ್ಟಿ ಎಳೆದು ಮುಟ್ಟಿಸುವಷ್ಟರಲ್ಲಿ ನಾಲ್ಕು ಗಂಟೆ ಆಗಬೇಕಾದ ಡಯಾಲಿಸಿಸ್‌ಗೆ ಉಳಿದದ್ದು ಒಂದೂವರೆ ಗಂಟೆ. ಡಾಕ್ಟರು ಅಳಿಯನನ್ನು ಪಕ್ಕಕ್ಕೆ ಕರೆದು, ನೀರು ಎದೆಗೆ ಏರುತ್ತಿದೆ, ಬುಧವಾರ ಬೆಳಿಗ್ಗೆ ಏಳು ಗಂಟೆಯದನ್ನು ಏನಾದರೂ ಆಗಲಿ ತಪ್ಪಿಸಬೇಡಿ ಎಂದರು. ಬ್ಯಾಟರಿ ಚಾರ್ಜ್ ಮಾಡಿಸಿಕೊಂಡು ಹೇಗೋ ಮನೆ ಸೇರಿದರು.

ಮಂಗಳವಾರ ಅಳಿಯ ಅಂಗಡಿಗೆ ಬೀಗ ಹಾಕಿ ಅಂಗಳದಲ್ಲಿ ಬಾನೆಟ್ ಎತ್ತಿದ. ಇಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಹದಿನಾಲ್ಕು ವೋಲ್ಟ್ ಆಸುಪಾಸು ಇರಬೇಕು. ಹನ್ನೊಂದೂ ಮುಕ್ಕಾಲು ಇತ್ತು, ನೋಡನೋಡುತ್ತಲೇ ಇಳಿಯುತ್ತಿತ್ತು. ಅಂದರೆ ಬ್ಯಾಟರಿಗೆ ಉಣಿಸಬೇಕಾದ ಆಲ್ಟರ್ನೇಟರೇ ಮಲಗಿದೆ. ಮಾವ ಮುರುಕು ಕುರ್ಚಿ ಎಳೆದು ತಂದು ಕೂತು, ಆ ಮೀಟರಿನ ಸೆಲ್ ಮುಗಿದರೆ ನಿನ್ನ ವಿದ್ಯೆಯೂ ಮುಗಿಯಿತು ಎಂದು ಒಂದು ಕುಟುಕು ಕುಟುಕಿ, ಇಂಜಿನ್ ಆರಿಸಿದ ಮೇಲೆ ಆಲ್ಟರ್ನೇಟರ್ ತಿರುಗಿಸುವ ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿ ಇದು ಸರಿಯಿದೆ ಎಂದರು. ಬೆರಳು ನಡುಗುತ್ತಿತ್ತು, ಹೇಳಿದ್ದು ಮಾತ್ರ ನಿಜ.

ಬ್ಯಾಟರಿ ತಂತಿ ಬಿಚ್ಚಿ, ಆಲ್ಟರ್ನೇಟರನ್ನು ಹೊರಗೆಳೆದು ಹಳೆ ಬೆಡ್‌ಶೀಟಿನ ಮೇಲೆ ಬಿಚ್ಚಿದಾಗ ರೋಗ ಸಿಕ್ಕಿತು. ಒಳಗೆ ತಿರುಗುವ ತಾಮ್ರದ ಬಳೆಗಳಿಗೆ ಕರೆಂಟು ಮುಟ್ಟಿಸುವ ಎರಡು ಕಪ್ಪು ತುಂಡುಗಳಿರುತ್ತವೆ, ಬ್ರಷ್ಷು ಅನ್ನುತ್ತಾರೆ. ಅವು ಸವೆದು ಅಕ್ಕಿಕಾಳಿನಷ್ಟಾಗಿದ್ದವು. ನನ್ನ ಹಲ್ಲಿನ ಹಾಗೆಯೇ ಎಂದರು ಮಾವ. ಹೊಸ ಬ್ರಷ್ಷಿಗೆ ಬೆಸುಗೆ ಹಾಕಬೇಕು, ಅದು ಮಾವನಿಗೆ ಎಂದೂ ಒಲಿಯದ ಕೆಲಸ, ಅಳಿಯನಿಗೆ ಅನ್ನ. ಅವರು ಟಾರ್ಚ್ ಹಿಡಿದರು. ಬೆಳಕು ನಡುಗಿ ನಡುಗಿ ಅತ್ತಿತ್ತ ಹೋಗುತ್ತಿತ್ತು. ಬೆಳಕು ಬಂದಾಗ ಬೆಸುಗೆ, ಹೋದಾಗ ಉಸಿರು ಎಂದು ಅಳಿಯ ಅದಕ್ಕೇ ಹೊಂದಿಕೊಂಡ.

ತಿರುಗಿ ಕೂರಿಸುವಾಗ ಕೊನೆಯ ಬೋಲ್ಟಿಗೆ ಅವನ ಸ್ಪ್ಯಾನರ್ ಜಾರಿತು. ಮಾವ ಒಳಗೆ ಹೋಗಿ, ಯಾರೂ ಮುಟ್ಟಕೂಡದೆಂದು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ತಮ್ಮದನ್ನು ತಂದರು.

"ತಗೋ ಮಗನೇ, ಇದು ಜಾರಲ್ಲ."

ಅಳಿಯ ತಲೆ ಎತ್ತಲಿಲ್ಲ, ಕಣ್ಣು ತುಂಬಿದ್ದು ಕಂಡೀತೆಂದು. ಇಂಜಿನ್ ಹೊತ್ತಿಸಿದರೆ ಮೀಟರಿನಲ್ಲಿ ಹದಿನಾಲ್ಕು ಪಾಯಿಂಟ್ ಎರಡು. ಹೆಡ್‌ಲೈಟ್ ಹಾಕಿದರೂ ಹದಿಮೂರು ಪಾಯಿಂಟ್ ಒಂಬತ್ತು. ಬಾಗಿಲಲ್ಲಿ ನಿಂತ ಹೆಂಡತಿ, ಇಬ್ಬರ ಮೂಗಿಗೂ ಒಂದೇ ಮಸಿ, ಈಗ ಅಪ್ಪ ಮಗ ಅನ್ನಬಹುದು ಎಂದು ನಕ್ಕಳು.

ಬುಧವಾರ ಬೆಳಿಗ್ಗೆ ಆರು ಗಂಟೆ. ಊದಿದ ಕಾಲಿಗೆ ಚಪ್ಪಲಿ ಹಿಡಿಸದೆ ಅತ್ತೆಯನ್ನು ಬರಿಗಾಲಲ್ಲೇ ಹಿಂದಿನ ಸೀಟಿಗೆ ಒರಗಿಸಿದರು. ಇಂಜಿನ್ ಓಡುತ್ತಿತ್ತು. ಆಗ ಮಾವ ಬಾನೆಟ್ ಎತ್ತಿದರು.

"ಮೀಟರ್ ಹೇಳ್ತು, ಸರಿ. ನನ್ನ ಕೈಗೂ ಒಂದ್ಸಲ ಹೇಳ್ಲಿ. ಇವಳನ್ನ ಮತ್ತೆ ರಸ್ತೇಲಿ ಮಲಗಿಸೋಕಾಗಲ್ಲ."

ಅವರ ಕಾಲದ ಪರೀಕ್ಷೆ ಅದು. ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ತಂತಿ ಕಿತ್ತುಬಿಡುವುದು, ಇಂಜಿನ್ ನಿಲ್ಲದಿದ್ದರೆ ಆಲ್ಟರ್ನೇಟರ್ ಗಟ್ಟಿ. ಸಾವಿರ ಗಾಡಿ ಅವರ ಕೈಯಲ್ಲಿ ಹೀಗೇ ಪಾಸಾಗಿದ್ದವು. ಆದರೆ ಅವುಗಳೊಳಗೆ ಇಂಜಿನ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ ಇರಲಿಲ್ಲ. ಇದರಲ್ಲಿತ್ತು. ತಂತಿ ಕಿತ್ತ ಕ್ಷಣ ವೋಲ್ಟೇಜ್ ಲಗಾಮು ಹರಿದ ಕುದುರೆಯಂತೆ ನೆಗೆದು ಆ ಪೆಟ್ಟಿಗೆಯನ್ನು ಸುಡಬಹುದು. ಹಾಗೆ ಸುಟ್ಟ ಬೋರ್ಡುಗಳು ಅಳಿಯನ ಮೇಜಿಗೇ ಎರಡು ಸಲ ಬಂದಿದ್ದವು.

"ಮಾವ," ಎಂದ.

"ಏನ್ ಮಗನೇ?"

ಅಳಿಯ ಬ್ಯಾಟರಿಯತ್ತ ಒಂದು ಹೆಜ್ಜೆ ಇಟ್ಟ. ಹತ್ತು ಸಲದಲ್ಲಿ ಎಂಟು ಸಲ ಏನೂ ಆಗುವುದಿಲ್ಲ, ಏಳು ವರ್ಷಕ್ಕೆ ಸಿಕ್ಕ ಮಗನೇ ಎಂಬ ಒಂದು ಮಾತನ್ನು ಮಾರನೆಯ ಬೆಳಿಗ್ಗೆಯೇ ಯಾಕೆ ಕಳೆದುಕೊಳ್ಳಲಿ ಅಂದುಕೊಂಡ. ಬೆಲ್ಟಿಗೆ ಬೆರಳು ಸಿಕ್ಕೀತು, ಹುಷಾರು ಎಂದಷ್ಟೇ ಹೇಳಿದ.

ಮಾವ ತಂತಿ ಕಿತ್ತರು. ಇಂಜಿನ್ ಒಮ್ಮೆ ಬಿಕ್ಕಿ ನಿಂತಿತು. ತಂತಿ ಮತ್ತೆ ಸಿಕ್ಕಿಸಿ ಎಷ್ಟು ಸಲ ಕೀ ತಿರುಗಿಸಿದರೂ ಗರಗರ ಎಂದಿತೇ ಹೊರತು ಹೊತ್ತಿಕೊಳ್ಳಲಿಲ್ಲ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು.

ಬೇರೆ ಗಾಡಿ ಸಿಕ್ಕಿದ್ದು ಹತ್ತಕ್ಕೆ. ಆಸ್ಪತ್ರೆಯಲ್ಲಿ ಅತ್ತೆಯ ಮಂಚದಲ್ಲಿ ಬೇರೆ ಯಾರೋ, ಸಂಜೆ ನಾಲ್ಕಕ್ಕೆ ಬಿಡುವು ಎಂದರು. ಕಾರಿಡಾರಿನ ಬೆಂಚಿನಲ್ಲಿ ಕೂತು ಅತ್ತೆ, ಕಾರು ಕೆಟ್ಟರೆ ನೀವೇಕೆ ಉಪವಾಸ, ಹೋಗಿ ಏನಾದರೂ ತಿಂದು ಬನ್ನಿ ಎಂದು ಮಾವನನ್ನೂ ಅಳಿಯನನ್ನೂ ಅಟ್ಟಿದರು. ಮೂರಕ್ಕೆ ಅವರಿಗೆ ಉಸಿರು ಸಿಗದಾಯಿತು. ಡಾಕ್ಟರು, ನರ್ಸು ಎಲ್ಲರೂ ಓಡಿ ಬಂದರು. ಅಷ್ಟರಲ್ಲಿ ಅತ್ತೆ ಹೋಗಿಬಿಟ್ಟಿದ್ದರು.

ವಾರದ ಮೇಲೆ ಅಂಗಳದಲ್ಲಿ, ಆ ಕಾರಿನ ಪಕ್ಕದಲ್ಲೇ, ಮಗಳು ಹೊಸ್ತಿಲಲ್ಲಿ ನಿಂತಿರುವಾಗ ಮಾವ ಕೇಳಿದರು.

"ನಿಜ ಹೇಳು. ತಂತಿ ಕಿತ್ರೆ ಹೀಗಾಗುತ್ತೆ ಅಂತ ನಿನಗೆ ಗೊತ್ತಿತ್ತಾ?"

ಅಳಿಯ ಹೆಂಡತಿಯ ಮುಖ ನೋಡಿದ.

"ಇಲ್ಲ ಮಾವ."

"ಹಾಗಾದ್ರೆ ಇದು ನನ್ನ ಕೈ ಒಂದರದ್ದೇ. ಪಾಪ, ನೀನೇನ್ ಮಾಡ್ತೀಯ."

ಅಂದಿನಿಂದ ಮಗಳು ಅಪ್ಪನೊಂದಿಗೆ ಮಾತು ಬಿಟ್ಟಿದ್ದಾಳೆ. ಬಂದವರಿಗೆಲ್ಲ ಅವರು ನಡುಗುವ ಬಲಗೈ ಚಾಚಿ, ಇದೇ ಕೈ ನೋಡಿ ಎನ್ನುತ್ತಾರೆ. ಅವರಿಗೆ ಊಟ ಬಡಿಸುವವನು ಈಗ ಅಳಿಯನೇ. ಎರಡು ತುತ್ತಿಗೇ ತಟ್ಟೆಗೆ ಕೈ ಅಡ್ಡ ಹಿಡಿದು, ಸಾಕು ಮಗನೇ ಎನ್ನುತ್ತಾರೆ. ಗೊತ್ತಿತ್ತು ಎಂಬ ಮಾತನ್ನು ಪ್ರತಿಸಲ ನಾಳೆಗೆ ತಳ್ಳಿ ಅವನು ತಟ್ಟೆ ತೊಳೆಯಲು ಹೋಗುತ್ತಾನೆ. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?