ಲಂಬರ ಹದಿನೇಳು

೨೦೦೧ನೆಯ ಇಸವಿ ಸೆಪ್ಟೆಂಬರ್ ಮೂರು, ಸೋಮವಾರ, ಘಟಪ್ರಭಾದ ಈ ದವಾಖಾನೆಯ ಬಾಕುಗಳ ಮೇಲೆ ಕೂತ ಇಪ್ಪತ್ತಮೂರು ಜನ, ಬಾಗಿಲಲ್ಲಿ ನಿಂತ ಕಂಪೌಂಡರ್ ಲಂಬರ ಹದಿನಾಲ್ಕು ಬರ್ರಿ ಎಂದು ಕೂಗುತ್ತಾನೆ, ಲಂಬರ ಅಲ್ಲ, ನಂಬರ — ನಾಲಿಗೆಯ ತುದಿಗೆ ಬಂದದ್ದನ್ನು ನುಂಗುತ್ತೇನೆ, ಪಕ್ಕದಲ್ಲಿ ರಾಜಮತಿ, ನನ್ನ ಹೆಂಡತಿ, ಕೊರಳಿಗೆ ಸೆರಗು ಸುತ್ತಿಕೊಂಡು ಕೂತಿದ್ದಾಳೆ, ನಮ್ಮದು ಹದಿನೇಳು, ನಾಳೆ ಗಂಟಲ ಪೆಟ್ಟಿಗಿ ತಗೀತೀವ್ರಿ, ಆಮ್ಯಾಗ ಅವರಿಗೆ ಮಾತ ಬರೂದಿಲ್ಲ, ಏನ ಕೇಳೂದೈತಿ ಇವತ್ತ ಕೇಳ್ಕೋರಿ ಎಂದಿದ್ದಾರೆ ಡಾಕ್ಟರು, ಕೇಳುವುದು ಒಂದೇ ಇದೆ, ಕ್ಷಮೆ, ಇಂದು ಕ್ಷಮಾವಣಿಯೂ ಹೌದು, ಬಸದಿಯಲ್ಲಿ ಎಲ್ಲರೂ ಎಲ್ಲರಿಗೂ ಕೈಮುಗಿದು ಉತ್ತಮ ಕ್ಷಮಾ ಎನ್ನುವ ದಿನ, ನಲವತ್ತು ವರ್ಷ ನಾನು ಅವಳಿಗೂ ಅಂದಿದ್ದೇನೆ, ಸಾಲಿನಲ್ಲಿ ನಿಂತ ಉಳಿದವರಿಗೆ ಅಂದಂತೆಯೇ, ಯಾವ ತಪ್ಪಿಗೆ ಎಂದು ಹೇಳದೆ — ತಪ್ಪು ನನಗೆ ಗೊತ್ತು, ಮದುವೆಯಾಗಿ ಎಂಟನೆಯ ದಿನ, ಹುಕ್ಕೇರಿಯ ಬಾಡಿಗೆ ಮನೆ, ಮಸಗುಪ್ಪಿಯಿಂದ ಬಂದ ಅವಳ ತಂದೆ ಚಹಾ ಕುಡಿಯುತ್ತಿದ್ದರು, ಈ ಮನಿ ಲಂಬರ ಎಷ್ಟರಿ, ಅವ್ವಗ ಪತ್ರ ಬರೀಬೇಕು ಎಂದು ನಗುತ್ತ ಕೇಳಿದಳು, ನಾನು ಗಣಿತದ ಮಾಸ್ತರ, ತಂದೆಯ ಎದುರೇ ಅವಳನ್ನು ಶಾಲೆಯ ಹುಡುಗಿಯಂತೆ ನಿಲ್ಲಿಸಿ, ನಂಬರ ಅಂತ ಸರಿಯಾಗಿ ಅನ್ನು, ಅಲ್ಲೀತನಕ ಕೂಡಬ್ಯಾಡ ಎಂದೆ, ತಂದೆ ಅರ್ಧ ಕಪ್ಪು ಹಾಗೇ ಇಟ್ಟು ರುಮಾಲು ಎತ್ತಿಕೊಂಡು ಹೊರಟರು.

ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ಮುರಿಗೆಪ್ಪ ಮುಂದೊಂದು ದಿನ ನಕ್ಕಿದ್ದ, ನಕಾರ ಮಕಾರ ಎರಡೂ ಮೂಗಿನ್ಯಾಗ ಮಾತಾಡೂವು ಪಾಯಪ್ಪ ಮಾಸ್ತರ, ಒಂದ ಮನ್ಯಾಗ ಇಬ್ಬರೂ ಗುಣಗುಟ್ಟಿದ್ರ ನಾಲಿಗಿ ಬ್ಯಾಸತ್ತು ಒಬ್ಬಂವನ್ನ ಹೊರಗ ಹಾಕತೈತಿ, ಅದಕ್ಕ ನಿಂಬಿ ಲಿಂಬಿ ಆತು, ನಂಬರ ಲಂಬರ ಆತು, ಇಡೀ ಜಿಲ್ಲಾಕ್ಕ ಛಡಿ ಕೊಡಾಕ ಆಗತೈತೇನ್ರಿ ಎಂದು, ಅಷ್ಟರಲ್ಲಿ ಮನೆಯಲ್ಲಿ ಅವಳ ಮಾತು ಕಡಿಮೆಯಾಗಿತ್ತು, ಗೋಕಾಕದ ಸಂತೆಯಲ್ಲಿ ನಾನು ಜೊತೆಗಿದ್ದರೆ ಲಿಂಬಿಯ ರಾಶಿಗೆ ಬೆರಳು ತೋರಿಸುತ್ತಿದ್ದಳು, ಹೆಸರು ಹೇಳುತ್ತಿರಲಿಲ್ಲ, ಅದನ್ನು ನಾನು ಸುಧಾರಣೆ ಎಂದುಕೊಂಡೆ — ಲಂಬರ ಹದಿನೇಳು ಎಂದು ಕಂಪೌಂಡರ್ ಕೂಗುತ್ತಾನೆ, ಈಗ, ಒಮ್ಮೆ, ಅವಳ ಬಾಯಲ್ಲಿ ಆ ಲಕಾರ ಕೇಳಬೇಕು, ಅದರ ಬೆನ್ನಿಗೇ ಕ್ಷಮೆ ಬೇಡಬೇಕು, ಏನ ಅಂದಾ ಅಂವಾ, ನನಗ ಕೇಳಸ್ಲಿಲ್ಲ ಎನ್ನುತ್ತೇನೆ, ಸುಳ್ಳು, ಅವಳು ಉಸಿರು ಕೂಡಿಸಿ, ನಾಲಿಗೆಯನ್ನು ಹಲ್ಲಿನ ಹಿಂದೆ ಎಚ್ಚರದಿಂದ ಇಟ್ಟು, ನಂಬರ ಹದಿನೇಳು ಅಂದಾನ್ರಿ ಎನ್ನುತ್ತಾಳೆ, ಒಡೆದ ದನಿಯಲ್ಲಿ, ತಪ್ಪಿಲ್ಲದೆ, ನನ್ನ ಮುಖ ನೋಡುತ್ತಾಳೆ, ಕ್ಷಮೆಗೆಂದು ಎತ್ತಿದ ನನ್ನ ಕೈಗಳು ಮುಗಿದೇ ಇವೆ, ನಾನು ಸುಮ್ಮನಿದ್ದುದರಿಂದ ತಾನು ತಪ್ಪು ಹೇಳಿದೆನೆಂದು ತಿಳಿದು ಅವಳು ಮತ್ತೆ, ಇನ್ನೂ ನಿಧಾನವಾಗಿ, ನಂಬರ, ನಂಬರ —