ಎಡಕ್ಕೆ ವಾಲಿದ ಕುರ್ಚಿ

ಅಕ್ಕ ಹೇಳಿದ್ದು ಒಂದೇ ಕೆಲಸ. "ಕೈ ಇಡೋ ಕಡೆ ಬಟ್ಟೆ ಹರಿದಿದೆ, ಅಷ್ಟು ಹೊಲಿದು ಕೊಡೋ. ಬೇರೇನೂ ಮುಟ್ಟಬೇಡ." ಹೂಂ ಅಂದೆ. ಆದರೆ ಇಪ್ಪತ್ತೆಂಟು ವರ್ಷದಿಂದ ಸೋಫಾ, ಕುರ್ಚಿ ರಿಪೇರಿ ಮಾಡಿಕೊಂಡು ಬಂದವನು ನಾನು. ಅರ್ಧಂಬರ್ಧ ಕೆಲಸ ಅಂದರೆ ನನಗೆ ಮೈ ಉರಿಯುತ್ತದೆ.

ಅದು ಭಾವನ ಕುರ್ಚಿ. ಅವರು ತೀರಿಕೊಂಡು ಐದು ತಿಂಗಳಾಗಿತ್ತು. ಸೊಂಟನೋವಿನಿಂದ ಸದಾ ಎಡಕ್ಕೆ ವಾಲಿಕೊಂಡು ಕೂರುತ್ತಿದ್ದ ಮನುಷ್ಯ. "ಭಾವ, ನಿಮ್ಮ ಭಾರಕ್ಕೆ ಕುರ್ಚಿ ಅಯ್ಯಯ್ಯೋ ಅಂತಿದೆ, ಕೊಡಿ, ಬಿಚ್ಚಿ ಸರಿಮಾಡ್ತೀನಿ" ಅಂತ ನಾನು ರೇಗಿಸಿದರೆ, "ನಾನು ಎದ್ದ ಮೇಲೆ ತಗೊಂಡು ಹೋಗಯ್ಯ" ಅನ್ನುತ್ತಿದ್ದರು. ಎದ್ದೇ ಹೋದರು.

ಅಂಗಡಿಯಲ್ಲಿ ತಿರುಗಿಸಿ ನೋಡಿದರೆ ಸೀಟಿನ ಎಡಭಾಗ ಬೋಗುಣಿಯ ಹಾಗೆ ತಗ್ಗಾಗಿತ್ತು. ಅಕ್ಕನ ಬೆನ್ನು ಮೊದಲೇ ಸರಿಯಿಲ್ಲ, ಇದರಲ್ಲಿ ಕೂತರೆ ಇನ್ನೇನು ಗತಿ ಅನ್ನಿಸಿತು. ಒಳಗಿನ ಹಳೆಯ ನಾರನ್ನೆಲ್ಲ ಕಿತ್ತು ಕಸದ ಗಾಡಿಗೆ ಹಾಕಿದೆ. ಹೊಸ ಸ್ಪ್ರಿಂಗು ಬಿಗಿದು, ಗಟ್ಟಿ ಫೋಮ್ ತುಂಬಿ, ಅದೇ ಹಳೆಯ ಬಟ್ಟೆ ಎಳೆದು ಮೊಳೆ ಹೊಡೆದೆ. ಕೈ ಮೇಲಿನ ಹರಕನ್ನೂ ಹೊಲಿದೆ. ಮಟ್ಟ ಹಿಡಿದು ನೋಡಿದೆ, ಕೂದಲೆಳೆಯಷ್ಟೂ ಓರೆಯಿಲ್ಲ. ಶಹಬ್ಬಾಸ್ ಮಗನೇ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅಕ್ಕ ಕಿಟಕಿಯ ಪಕ್ಕ ಜಾಗ ಗುಡಿಸಿಟ್ಟು ಕಾಯುತ್ತಿದ್ದಳು. ಇಳಿಸಿದ ಕೂಡಲೇ ಕೂತು, ಅಭ್ಯಾಸದಂತೆ ಎಡಕ್ಕೆ ವಾಲಿದಳು. ಜಾರಿದಂತಾಗಿ ಗಾಬರಿಯಿಂದ ಎದ್ದಳು. ಅಂಗೈಯಿಂದ ಸೀಟನ್ನು ಒತ್ತಿ ಬಿಟ್ಟಳು. ಅದು ಮೇಲೆದ್ದಿತು. ಇನ್ನೊಮ್ಮೆ ಒತ್ತಿದಳು.

"ಅವರು ಕೂತಿದ್ದ ಜಾಗ ಎಲ್ಲೋ?"

ಹಳೇ ನಾರನ್ನೆಲ್ಲ ಕಸದ ಗಾಡಿಗೆ ಹಾಕಿದೆ ಅಂದೆ.

"ದಿನಾ ಸಂಜೆ ಅಲ್ಲೇ ಕೂರ್ತಿದ್ದೆ ಕಣೋ. ಅವರಿಗೆ ಒರಗಿಕೊಂಡ ಹಾಗಿರ್ತಿತ್ತು."

ಓಡಿದೆ. ಊರಾಚೆ ಕಸ ಸುರಿಯುವಲ್ಲಿ ಬರೀ ಬೂದಿ ಹೊಗೆಯಾಡುತ್ತಿತ್ತು. ಸಿಕ್ಕಿದ್ದರೂ ಏನು ಮಾಡುತ್ತಿದ್ದೆ? ನಾರು ಸಿಗಬಹುದು, ಆ ತಗ್ಗನ್ನು ಎಲ್ಲಿಂದ ತರಲಿ? ಮನೆಗೆ ಬಂದು ಹೇಳಿದರೆ, "ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಬಿಡಿ" ಎಂದಳು ನನ್ನ ಹೆಂಡತಿ. ಬಾಯಿಮುಚ್ಚು ಅಂತ ಅವಳ ಮೇಲೆ ಹರಿಹಾಯ್ದೆ. ಪಾಪ, ಅವಳದೇನು ತಪ್ಪು?

ಮರುದಿನ ಫೋಮ್ ಕೊಯ್ಯುವ ಚಾಕು ಹಿಡಿದು ಅಕ್ಕನ ಮನೆಗೆ ಹೋದೆ. "ಎಡಗಡೆ ಅಷ್ಟೇ ಆಳಕ್ಕೆ ಕೊರೆದು ಕೊಡ್ತೀನಿ ಅಕ್ಕ. ಅಳತೆ ನನಗೆ ನೆನಪಿದೆ."

ಬೇಡ ಎಂದು ತಲೆಯಾಡಿಸಿದಳು.

"ಹಾಗಾದ್ರೆ ನೀನು ದಿನಾ ಕೂತ್ಕೋ. ನಾಲ್ಕೈದು ವರ್ಷಕ್ಕೆ ತಾನಾಗೇ ತಗ್ಗಾಗುತ್ತೆ."

"ಆಗುತ್ತೆ ಕಣೋ. ಆದ್ರೆ ಅದು ನನ್ನ ತಗ್ಗು."

ನನಗೆ ಅಳು ತಡೆಯಲಾಗಲಿಲ್ಲ. "ಬೈದುಬಿಡೇ ಅಕ್ಕ, ಎರಡೇಟು ಹಾಕು" ಎಂದೆ. ಚಿಕ್ಕವನಿದ್ದಾಗ ಎಷ್ಟು ಬೈಯುತ್ತಿದ್ದಳು! ಈಗ ಒಂದು ಮಾತೂ ಬೈಯಲಿಲ್ಲ. ಕುರ್ಚಿಯ ಕೈ ಮೇಲೆ ಹೊಲಿಗೆ ಹಾಕಿದ ಕಡೆ ಬೆರಳಾಡಿಸಿದಳು.

"ಇದನ್ನ ಚೆನ್ನಾಗಿ ಹೊಲಿದಿದ್ದೀಯ" ಎಂದಳು.