ಎರಡನೆಯವನಾಗುವ ಕಷ್ಟ

ಇಟ್ಟಿಗೆ ಗೂಡಿನ ಹಿಂದೆ ಮಣ್ಣು ತೆಗೆದು ತೆಗೆದು ಉಳಿದ ದೊಡ್ಡ ಗುಂಡಿಯೊಂದಿತ್ತು. ತಳ ತಟ್ಟೆಯಂತೆ ಸಮನಾಗಿ, ಸುತ್ತ ಏರಿ. ಆ ಜಾಗವನ್ನು ಏನು ಮಾಡುವುದೆಂದು ಗೂಡಿನ ಯಜಮಾನರು ಇನ್ನೂ ಯೋಚಿಸುತ್ತಿದ್ದಾಗಲೇ ಊರಿನವರು ಗುಜರಿಗೆ ಹೋಗಬೇಕಾದ ಕಾರುಗಳನ್ನು ಅಲ್ಲಿಗೆ ಇಳಿಸಿ ಸುತ್ತು ಹೊಡೆಯತೊಡಗಿದ್ದರು. ಬೈಯಲೆಂದು ಹೋದ ಯಜಮಾನರು ಏರಿಯ ಮೇಲೆ ಕುಳಿತು ಸಂಜೆಯವರೆಗೂ ನೋಡಿದರು. ಮುಂದಿನ ವಾರ ಗೇಟು ನಿಲ್ಲಿಸಿ ಚೀಟಿ ಹರಿಯಲು ಶುರುಮಾಡಿದರು.

ಮೊದಮೊದಲು ಅದೊಂದು ಬಡವರ ಆಟವಾಗಿತ್ತು. ಕಾರಿನ ಗಾಜು ಕಿತ್ತು, ಬಾಗಿಲಿಗೆ ಬೆಸುಗೆ ಹಾಕಿಸಿ, ಮೈಮೇಲೆ ಸುಣ್ಣದಲ್ಲಿ ಒಂದು ನಂಬರು ಬರೆದರೆ ರೇಸಿನ ಕಾರು ಸಿದ್ಧ. ಗೆದ್ದವನಿಗೆ ಒಂದು ದೊಡ್ಡ ಅಲ್ಯೂಮಿನಿಯಂ ಪಾತ್ರೆ. ಹೀಗಿರುವಾಗ ಬೇಕರಿಯವನು ತನ್ನ ಕಾರಿಗೆ ಹೊಸ ಟಯರು ಹಾಕಿಸಿದ. ಅದನ್ನು ಕಂಡ ಕ್ಷೌರದಂಗಡಿಯವನು, ಅವನನ್ನು ಎಲ್ಲರೂ ಕತ್ತರಿ ಎಂದೇ ಕರೆಯುವುದು, ಪೇಟೆಯಿಂದ ಇನ್ನೂ ಒಳ್ಳೆಯ ಟಯರು ತರಿಸಿದ. ಬೇಕರಿಯವನು ಇಂಜಿನ್ನನ್ನೇ ಬದಲಿಸಿದ. ಕತ್ತರಿ ತನ್ನ ಅಂಗಡಿಯ ತಿರುಗುವ ಕುರ್ಚಿ ಮಾರಿ ಇಂಜಿನ್ನು ತಂದ. ಅಂದಿನಿಂದ ಗಿರಾಕಿಗಳು ಸ್ಟೂಲಿನ ಮೇಲೆ ಕುಳಿತು, ತಾವೇ ತಿರುಗಿಕೊಂಡು ಕ್ಷೌರ ಮಾಡಿಸಿಕೊಳ್ಳಬೇಕಾಯಿತು. ಬೇಕರಿಯ ಒಲೆ ಬಿರುಕು ಬಿಟ್ಟಿತ್ತು. ಅದರ ರಿಪೇರಿ ಮುಂದಕ್ಕೆ ಹೋಗುತ್ತಲೇ ಇತ್ತು. ಊರು ಒಂದು ಕಡೆ ಸೀದು ಇನ್ನೊಂದು ಕಡೆ ಹಸಿಯಾಗಿರುವ ಬನ್ನು ತಿನ್ನತೊಡಗಿತು. ಒಂದು ಪಾತ್ರೆ ಗೆಲ್ಲಲು ಪಾತ್ರೆ ಅಂಗಡಿಯನ್ನೇ ಕೊಳ್ಳುವಷ್ಟು ಖರ್ಚು.

ಇದನ್ನೆಲ್ಲ ನೋಡಿ ಬೇಸತ್ತ ಯಜಮಾನರು ಒಂದು ದಿನ ಏರಿಯ ಮೇಲೆ ನಿಂತು ಹೊಸ ಕಟ್ಟಳೆ ಸಾರಿದರು.

"ಇನ್ಮೇಲೆ ಗೆದ್ದವನ ಇಂಜಿನ್ನನ್ನ, ಚೀಟಿ ತಗೊಂಡು ಒಳಗೆ ಬಂದ ಯಾರು ಬೇಕಾದ್ರೂ ಕೊಂಡ್ಕೋಬಹುದು. ಬೆಲೆ ಒಂದು ಹಳೇ ಸೈಕಲ್ಲಿಂದು. ಪಾತ್ರೆ ಒಳಗೆ ಮೊದಲು ದುಡ್ಡು ಹಾಕ್ದವರದ್ದು ಇಂಜಿನ್ನು. ಕೊಡಲ್ಲ ಅಂದ್ರೆ ಕಾರೇ ಗೂಡಿನ ಪಾಲು. ಯಾರು ಎಷ್ಟು ಸುರೀತೀರೋ ಸುರೀರಿ, ನೋಡೋಣ."

ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡವರಂತೆ ಕತ್ತರಿ ಮತ್ತು ಬೇಕರಿಯವನು ತಮ್ಮ ತಮ್ಮ ಬಾನೆಟ್ಟುಗಳ ಮೇಲೆ ಕೈಯಿಟ್ಟರು.

ಕಟ್ಟಳೆ ಬಂದ ಮೊದಲ ವಾರವೇ ಕತ್ತರಿ ಮರೆತು ಗೆದ್ದುಬಿಟ್ಟ. ಹಾಲು ಮಾರುವ ಅಜ್ಜಿ ಸೆರಗಿನ ಗಂಟು ಬಿಚ್ಚಿ ಸೈಕಲ್ಲಿನ ಬೆಲೆಯನ್ನು ಪಾತ್ರೆಗೆ ಹಾಕಿ, ಇಂಜಿನ್ನನ್ನು ಎತ್ತಿಸಿಕೊಂಡು ಹೋಗಿ ಮೇವು ಕತ್ತರಿಸುವ ಯಂತ್ರಕ್ಕೆ ಕೂರಿಸಿದಳು. ಅವಳ ಹಸುಗಳ ಮೇವು ಈಗ ಹಿಟ್ಟಿನಷ್ಟು ನುಣ್ಣಗೆ. ಕತ್ತರಿ ಆ ಮನೆಯ ಮುಂದೆ ಹಾದುಹೋಗುವಾಗಲೆಲ್ಲ ಆ ಸದ್ದು ಕೇಳಿ ನಿಲ್ಲುತ್ತಿದ್ದ, ನಿಟ್ಟುಸಿರು ಬಿಡುತ್ತಿದ್ದ.

ಆದರೆ ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎನ್ನುವ ಜನ. ಮೋಸ ನಿಲ್ಲಲಿಲ್ಲ, ದಿಕ್ಕು ಬದಲಿಸಿತು. ಎಲ್ಲರೂ ದುಬಾರಿ ಇಂಜಿನ್ನು ತರುತ್ತಲೇ ಹೋದರು. ಗೆಲ್ಲುವುದನ್ನು ಮಾತ್ರ ಬಿಟ್ಟರು. ಎರಡನೆಯವನಾಗುವುದೇ ಊರಿನಲ್ಲಿ ಮರ್ಯಾದೆಯಾಯಿತು. "ಕೊನೇ ತಿರುವಲ್ಲಿ ನಾನು ಬ್ರೇಕ್ ಹಾಕಿದ್ದಕ್ಕೆ ಅವನು ಗೆದ್ದ" ಎಂದು ಹೇಳಿಕೊಳ್ಳುವುದರಲ್ಲಿ ಪಾತ್ರೆಗಿಂತ ಹೆಚ್ಚಿನ ಸುಖವಿತ್ತು. ತೀರಾ ಹಳೆಯ ಕಾರಿನ ಯಾರೋ ಒಬ್ಬ ಮುಂದೆ ನುಸುಳಿ ಗೆಲ್ಲುವವರೆಗೆ ಉಳಿದವರು ಅವನಿಗಾಗಿ ಕಾಯುತ್ತಿದ್ದರು.

ಹಾಗೆ ನುಸುಳಲೂ ಆಗದಿದ್ದವನು ವೆಲ್ಡರ್ ಒಬ್ಬನೇ. ಎಲ್ಲರ ಕಾರಿನ ಬಾಗಿಲಿಗೂ ಬೆಸುಗೆ ಹಾಕಿದವನು ಅವನೇ, ಪ್ರತಿ ರೇಸಿನಲ್ಲೂ ಕೊನೆಯಲ್ಲಿ ಬರುವವನೂ ಅವನೇ. ಅವನೇನೂ ಸತ್ಯಸಂಧನೆಂದಲ್ಲ, ಮೋಸ ಮಾಡುವಷ್ಟು ಅನುಕೂಲವಿರಲಿಲ್ಲ. ಬೇಕರಿಯವನು ಅವನಿಗೆ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ಅತ್ತೆಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಈ ಷಡ್ಡಕ ನೀರು ಕುಡಿದು ಲೋಟ ಕೆಳಗಿಟ್ಟು ನಿಧಾನವಾಗಿ ಹೇಳಿದ್ದ:

"ತಮ್ಮ, ಮುಂದಿನ ಸಲ ನೀನು ಕಾರಿಂದ ಇಳಿದು ತಳ್ಳು. ಸ್ವಲ್ಪ ಬೇಗ ಬರ್ತೀಯ."

ಅತ್ತೆ ಕೂಡ ನಕ್ಕಿದ್ದರು, ಹಲ್ಲುನೋವಿನಲ್ಲೂ.

ಆ ನಗು ವೆಲ್ಡರನ ಹೊಟ್ಟೆಯಲ್ಲಿ ಜೀರ್ಣವಾಗದೆ ಉಳಿಯಿತು. ಅವನಿಗೆ ಗೆಲ್ಲುವುದು ಬೇಕಿರಲಿಲ್ಲ. ಒಂದೇ ಒಂದು ಸಲ ಷಡ್ಡಕನನ್ನು ಹಿಂದೆ ಹಾಕಿ, ಎರಡನೆಯವನಾಗಿ ಬಂದು, ಲೋಟ ಕೆಳಗಿಟ್ಟು ನಿಧಾನವಾಗಿ ಒಂದು ಮಾತು ಹೇಳಬೇಕಿತ್ತು.

ಅವನ ಹೆಂಡತಿಗೆ ಮೊಟ್ಟೆ ವ್ಯಾಪಾರ. ಹಿತ್ತಲಲ್ಲಿ ಕೋಳಿಗಳು, ಅಂಗಳದಲ್ಲಿ ಮೊಟ್ಟೆ ಸಾಗಿಸುವ ಒಂದು ವ್ಯಾನು. ಬೆಳಗಾದರೆ ಅಂಗಡಿಗಳಿಗೆ, ಹೋಟೆಲುಗಳಿಗೆ, ಅಕ್ಕನ ಬೇಕರಿಗೆ ಮೊಟ್ಟೆ ಹಾಕಿಬರಬೇಕು. ವ್ಯಾನಿನ ಹಳೆಯ ಇಂಜಿನ್ನು ಸತ್ತಾಗ ಅವಳು ಬಹಳ ದಿನ ಕೂಡಿಟ್ಟು ಹೆಚ್ಚುಕಡಿಮೆ ಹೊಸದೇ ಅನ್ನಬಹುದಾದ ಇಂಜಿನ್ನು ಹಾಕಿಸಿದ್ದಳು. ಮನೆ ನಡೆಯುತ್ತಿದ್ದದ್ದೇ ಅದರ ಮೇಲೆ. ವೆಲ್ಡರನ ರೇಸು ಕಾರೂ ಆ ವ್ಯಾನೂ ಒಂದೇ ಕಂಪನಿಯ ಅಕ್ಕತಂಗಿಯರು. ಬೋಲ್ಟಿನ ತೂತುಗಳು ಕೂಡ ಹೊಂದುತ್ತಿದ್ದವು. ಈ ಹೊಂದಾಣಿಕೆಯನ್ನು ಅವನು ಎಷ್ಟೋ ಸಲ ನೋಡಿದ್ದ, ಪ್ರತಿ ಸಲವೂ ಮುಖ ಆಚೆ ತಿರುಗಿಸಿಕೊಂಡಿದ್ದ.

ಅತ್ತೆಯ ಹಲ್ಲು ಕೀಳಿಸಬೇಕೆಂದು ಹೆಂಡತಿ, ಅವಳ ಅಕ್ಕ ಇಬ್ಬರೂ ಶನಿವಾರ ಬೆಳಿಗ್ಗೆ ಬಸ್ಸು ಹತ್ತಿ ತವರಿಗೆ ಹೊರಟರು. ಬರುವುದು ಭಾನುವಾರ ರಾತ್ರಿ ಎಂದಾಗಿತ್ತು.

"ಆ ಕಂದು ಕೋಳಿ ಕಾವಿಗೆ ಬಂದಿದೆ ಕಣ್ರೀ," ಎಂದಳು ಹೆಂಡತಿ, ಹೊರಡುವಾಗ. "ಟ್ರೇ ಮೇಲೆ ಹೋಗಿ ಕೂತ್ಕೊಳ್ತದೆ. ಓಡಿಸ್ತಾ ಇರಿ. ಮತ್ತೆ ನನ್ನ ಗಾಡಿ ಮುಟ್ಬೇಡಿ."

"ನಾನ್ಯಾಕೆ ಮುಟ್ಲಿ ನಿನ್ನ ಗಾಡೀನ?"

"ಇಷ್ಟು ಬೇಗ ಉತ್ತರ ಕೊಟ್ರಲ್ಲ, ಅದಕ್ಕೇ ಹೇಳಿದ್ದು."

ಬಸ್ಸು ತಿರುವಿನಲ್ಲಿ ಮರೆಯಾಯಿತು. ವೆಲ್ಡರ್ ಅಂಗಳದ ಮರದ ಕೊಂಬೆಗೆ ಚೈನ್ ಪುಲ್ಲಿ ಕಟ್ಟಿದ. ಮಧ್ಯಾಹ್ನದ ಹೊತ್ತಿಗೆ ವ್ಯಾನಿನ ಇಂಜಿನ್ನು ಮೇಲೆದ್ದು, ಒಂದು ಗಳಿಗೆ ತೂಗಾಡಿ, ರೇಸು ಕಾರಿನೊಳಗೆ ಹಿತವಾಗಿ ಕುಳಿತಿತು. ಕಾರಿನ ಹಳೆಯ ಇಂಜಿನ್ನನ್ನು ಗೋಣಿಚೀಲದಡಿ ಮುಚ್ಚಿಟ್ಟ. ಭಾನುವಾರ ಸಂಜೆ ಮತ್ತೆ ಅದಲುಬದಲು ಮಾಡಿದರೆ ನರಪಿಳ್ಳೆಗೂ ಗೊತ್ತಾಗದು. ಕಂದು ಕೋಳಿಯನ್ನು ಓಡಿಸುವುದನ್ನು ಮಾತ್ರ ಮರೆತ. ಮರೆತದ್ದು ಇನ್ನೊಂದೂ ಇತ್ತು. ಆ ಕಾರಿಗೆ ಹುಟ್ಟಿದಂದಿನಿಂದ ಸರಿಯಾಗಿ ಬ್ರೇಕು ಹಾಕುವ ಪ್ರಸಂಗವೇ ಬಂದಿರಲಿಲ್ಲ. ಅದು ತಾನಾಗಿಯೇ ನಿಲ್ಲುವ ಕಾರು. ಬ್ರೇಕು ಇದೆಯೋ ಇಲ್ಲವೋ ಎಂದು ಅವನು ನೋಡಲಿಲ್ಲ.

ಭಾನುವಾರ ಗೂಡಿನ ಟ್ಯಾಂಕರು ಧೂಳಿಗೆ ನೀರು ಹೊಡೆದು ಹೋಯಿತು. ಕೆಂಪು ಮಣ್ಣು ಎಣ್ಣೆ ಸವರಿದಂತೆ ಮಿನುಗುತ್ತಿತ್ತು. ಬಾವುಟ ಕೆಳಗಿಳಿದಾಗ ವೆಲ್ಡರನ ಕಾರು, ಎಂದಿನಂತೆ ಕೆಮ್ಮಿ ಕ್ಯಾಕರಿಸಿ ಹೊರಡುವ ಬದಲು, ಹಗ್ಗ ಬಿಚ್ಚಿದ ಕರುವಿನಂತೆ ನೆಗೆಯಿತು. ಏರಿಯ ಮೇಲಿದ್ದವರು ಎದ್ದು ನಿಂತರು. ಮೊದಲ ಸುತ್ತಿನಲ್ಲೇ ಅವನು ಇಬ್ಬರನ್ನು ದಾಟಿದ. ಜೀವನದಲ್ಲಿ ಮೊದಲ ಬಾರಿಗೆ ಬೇರೆ ಕಾರುಗಳ ಮುಂಭಾಗ ಹೇಗಿರುತ್ತದೆ ಎಂದು ಕನ್ನಡಿಯಲ್ಲಿ ನೋಡಿದ.

ಕೊನೆಯ ಸುತ್ತಿಗೆ ಮುಂದೆ ಕತ್ತರಿ, ಅವನ ಹಿಂದೆ ಷಡ್ಡಕ, ಆಮೇಲೆ ವೆಲ್ಡರ್. ಷಡ್ಡಕನನ್ನು ದಾಟಿ ಕತ್ತರಿಯ ಬೆನ್ನಿಗೆ ಅಂಟಿಕೊಂಡರೆ ಆಯಿತು. ಆದರೆ ಗೆರೆ ಹತ್ತಿರವಾದಂತೆ ಕತ್ತರಿಗೆ ಮೇವಿನ ಯಂತ್ರದ ಸದ್ದು ನೆನಪಾಗಿರಬೇಕು. ವೇಗ ಇಳಿಸಿದ. ಷಡ್ಡಕ ಇನ್ನಷ್ಟು ಇಳಿಸಿದ. ಕತ್ತರಿ ಕೈ ಹೊರಗೆ ಹಾಕಿ ಮುಂದೆ ಹೋಗೆಂದು ಸನ್ನೆ ಮಾಡಿದ. "ಇಲ್ಲ ಇಲ್ಲ, ನೀನೇ ಹೋಗು, ನೀನು ಮುಂದಿದ್ದೆ," ಎಂದು ಷಡ್ಡಕ ಕೂಗಿದ. ಗೆರೆಯಿಂದ ಒಂದು ಮಾರು ಈಚೆಗೆ ಇಬ್ಬರೂ ಅಕ್ಕಪಕ್ಕ ನಿಂತೇಬಿಟ್ಟರು. ಕತ್ತರಿ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸತೊಡಗಿದ.

ತಿರುವು ದಾಟಿ ಬಂದ ವೆಲ್ಡರ್ ಇದನ್ನು ಕಂಡು ಬ್ರೇಕು ತುಳಿದ. ಪೆಡಲು ಪಾಪ, ಏನೂ ತಕರಾರಿಲ್ಲದೆ ನೆಲ ಮುಟ್ಟಿತು. ಇನ್ನೊಮ್ಮೆ ತುಳಿದ. ಸ್ಟಿಯರಿಂಗು ತಿರುಗಿಸಿದ, ಕಾರು ಅಡ್ಡವಾಯಿತೇ ಹೊರತು ನಿಲ್ಲಲಿಲ್ಲ. ಕಿಟಕಿಯಿಂದ ಕೈ ಆಡಿಸುತ್ತ, "ಸರೀರಿ, ಸರೀರಿ, ಇಲ್ಲ, ಸರೀಬೇಡ್ರಿ, ಅಡ್ಡ ಬನ್ರೀ," ಎಂದು ಬೇಡಿಕೊಳ್ಳುತ್ತ, ಇಬ್ಬರನ್ನೂ ಸುತ್ತಿಕೊಂಡು ಪಕ್ಕೆ ಮುಂದಾಗಿ ಗೆರೆ ದಾಟಿ, ಏರಿಯ ಬುಡದ ಮೆತ್ತನೆ ಮಣ್ಣಿಗೆ ಒರಗಿ ನಿಂತ.

ಯಜಮಾನರು ಪಾತ್ರೆ ಹಿಡಿದು ಇಳಿದು ಬಂದರು.

"ಗೆದ್ದುಬಿಟ್ರಲ್ಲ, ವೆಲ್ಡರ್ರೇ."

"ತಪ್ಪಾಯ್ತು ಯಜಮಾನ್ರೇ."

"ಗೆಲ್ಲೋದು ತಪ್ಪೇನಲ್ಲ. ಯಾರಾದ್ರೂ ಇಂಜಿನ್ನು ಕೇಳ್ತೀರೇನಪ್ಪಾ?"

ಷಡ್ಡಕ ಕಾರಿನ ಕಿಟಕಿಯಿಂದ ತೂರಿ ಹೊರಬಂದ. "ನನಗಿರಲಿ."

"ಅಣ್ಣ, ನಿನಗ್ಯಾಕೆ ಅದು? ತುಂಬಾ ಹಳೇದು," ಎಂದ ವೆಲ್ಡರ್. ನಾಳೆ ಬೆಳಿಗ್ಗೆ ಮೊಟ್ಟೆ ತುಂಬಿದ ವ್ಯಾನಿನ ಕೀಲಿ ತಿರುಗಿಸುವ ಹೆಂಡತಿಯ ಕೈ ಅವನ ಕಣ್ಣಿಗೆ ಕಟ್ಟಿತು. ಆಮೇಲೆ ಆ ಕೈ ತನ್ನ ಕಡೆಗೆ ತಿರುಗುವುದೂ.

"ಹಳೇ ಇಂಜಿನ್ನು ಹಂಗೆ ಹಾರ್ತದೇನೋ ತಮ್ಮ? ನೀನು ಪಕ್ಕದಲ್ಲಿ ಹೋದ ಗಾಳಿಗೆ ನನ್ನ ಕಾರು ಅಲ್ಲಾಡ್ತು. ಕಡೆಗೂ ನೀನೂ ನಮ್ಮ ಜಾತಿಗೇ ಸೇರಿದೆ ಬಿಡು." ಅವನು ಮೈಗೆ ಹಾಕಿದ್ದ ರೇಸಿನ ಅಂಗಿಯನ್ನು ತಡವಿಕೊಂಡ. ಪೇಟೆಯಿಂದ ತರಿಸಿದ ದುಬಾರಿ ಅಂಗಿ, ಒಂದೇ ತುಂಡಿನದು, ಜೇಬು ಇರಲಿಲ್ಲ. "ಒಂದು ನಿಮಿಷ, ದುಡ್ಡು ಕಾರಲ್ಲಿದೆ," ಎಂದು ತಲೆ ಒಳಗೆ ಹಾಕಿ ಸೀಟಿನಡಿ ತಡಕಾಡತೊಡಗಿದ.

"ಹುಡುಕಬೇಡ್ರಿ. ಪರ್ಸು ಮನೇಲೇ ಬಿಟ್ಟು ಬಂದಿದ್ರಿ, ಈಗ ನನ್ನ ಹತ್ರ ಇದೆ," ಎಂಬ ದನಿ ಏರಿಯ ಕಡೆಯಿಂದ ಬಂತು.

ಅಕ್ಕತಂಗಿಯರಿಬ್ಬರೂ ಸೀರೆ ಎತ್ತಿ ಹಿಡಿದು, ಜಾರದಂತೆ ಹೆಜ್ಜೆ ಊರಿ ಊರಿ ಇಳಿದು ಬರುತ್ತಿದ್ದರು. ಕೈಯಲ್ಲಿ ಚೀಟಿ ಹಿಡಿದಿದ್ದರು.

"ನೀವು ರಾತ್ರಿ ಬರೋದಲ್ವಾ?" ಎಂದ ವೆಲ್ಡರ್.

"ಅಮ್ಮನ ಹಲ್ಲು ನಿನ್ನೆ ರೊಟ್ಟಿ ಕಡಿಯುವಾಗ ತಾನೇ ಬಿತ್ತು," ಎಂದಳು ಅವನ ಹೆಂಡತಿ. "ಬೇಗ ಬಂದ್ವಿ. ಅಕ್ಕನ ಜೊತೆ ನಾಳೆಗೆ ಮೊಟ್ಟೆ ತುಂಬೋಣ ಅಂತ ಗಾಡಿ ಹತ್ರ ಹೋದೆ. ಬಾನೆಟ್ ಒಳಗಿಂದ ಕುರ್ ಕುರ್ ಅಂತ ಸದ್ದು. ಕೀಲಿ ಹಾಕದೇನೇ ಗಾಡಿ ಸ್ಟಾರ್ಟ್ ಆಯ್ತಲ್ಲ ಅಂತ ಎತ್ತಿ ನೋಡ್ತೀನಿ, ಇಂಜಿನ್ನು ಇರೋ ಜಾಗದಲ್ಲಿ ಕಂದು ಕೋಳಿ ಕೂತಿದೆ."

ಯಜಮಾನರು ಕೆಮ್ಮಿದರು. ಕತ್ತರಿ ಕನ್ನಡಕವನ್ನು ಮತ್ತೆ ಒರೆಸತೊಡಗಿದ.

"ಲೇ, ಆ ಪರ್ಸು ಇಲ್ಲಿ ತಾ ಮೊದಲು," ಎಂದ ಷಡ್ಡಕ ತನ್ನ ಹೆಂಡತಿಗೆ.

"ಯಾವ ಪರ್ಸು? ಒಲೆಗೆ ಇಟ್ಟಿಗೆ ಹಾಕಿಸ್ಬೇಕು ಅಂತ ದುಡ್ಡು ಇಸ್ಕೊಂಡು ಟಯರಿಗೆ ಸುರಿದ್ರಲ್ಲ, ಆ ಪರ್ಸಾ?" ಅವಳು ಪರ್ಸನ್ನು ಕಂಕುಳಲ್ಲಿ ಭದ್ರವಾಗಿ ಸಿಕ್ಕಿಸಿಕೊಂಡಳು. "ಇಟ್ಟಿಗೆ ಗೂಡಿನ ಒಳಗೇ ನಿಂತಿದ್ದೀರಿ, ನಾಚಿಕೆ ಆಗಲ್ವಾ ನಿಮಗೆ? ತಂಗೀ, ನೀನು ಹಾಕು."

ತಂಗಿ ಸೈಕಲ್ಲಿನ ಬೆಲೆಯನ್ನು ಪಾತ್ರೆಯೊಳಗೆ ಹಾಕಿದಳು. ಚಿಲ್ಲರೆ ಹೆಚ್ಚಿದ್ದುದರಿಂದ ಒಳ್ಳೆಯ ಸದ್ದೇ ಬಂತು.

"ಭಾವ, ಬೇಜಾರಿಲ್ಲ ತಾನೇ?"

"ನನಗೇನಮ್ಮ ಬೇಜಾರು," ಎಂದ ಷಡ್ಡಕ, ಜೇಬಿಲ್ಲದ ಅಂಗಿಯ ಮೇಲೆ ಕೈ ಎಲ್ಲಿಡುವುದೆಂದು ತಿಳಿಯದೆ.

"ಇಂಜಿನ್ನು ಇವರದ್ದಾಯ್ತು," ಎಂದು ಯಜಮಾನರು ಸಾರಿದರು. "ಪಾತ್ರೆಯಲ್ಲಿರೋ ದುಡ್ಡು ಕಟ್ಟಳೆ ಪ್ರಕಾರ ಗೆದ್ದವರಿಗೆ."

ವೆಲ್ಡರ್ ಪಾತ್ರೆ ತೆಗೆದುಕೊಂಡ. ಹೆಂಡತಿ ಅವನ ಕೈಯಿಂದ ಪಾತ್ರೆ ತೆಗೆದುಕೊಂಡಳು.

ಇಂಜಿನ್ನನ್ನು ಅಲ್ಲೇ ಬಿಚ್ಚಿ ಕೊಡಬೇಕೆಂಬುದೂ ಕಟ್ಟಳೆ. ಏರಿಯ ಮೇಲಿನ ಜನವೆಲ್ಲ ಮನೆಗೆ ಹೋಗದೆ ಕುಳಿತು ನೋಡಿದರು. ರೇಸಿಗಿಂತ ಇದೇ ಚೆನ್ನಾಗಿತ್ತು ಎಂದು ಎಷ್ಟೋ ಜನ ಆಮೇಲೆ ಹೇಳಿದರು. ಕತ್ತರಿ ಪಾನಾ ಹಿಡಿದು ಸಹಾಯಕ್ಕೆ ಬಂದ. ಹೆಂಡತಿ ಪಾತ್ರೆಯನ್ನು ಬೋರಲು ಹಾಕಿ ಅದರ ಮೇಲೆ ಕುಳಿತು, "ಆ ಬೋಲ್ಟು ಬಿದ್ದೀತು, ಜೋಪಾನ. ಅದು ನನ್ನದು," ಎಂದು ಹೇಳುತ್ತಿದ್ದಳು. ಗೂಡಿನ ಟ್ರ್ಯಾಕ್ಟರು ಇಂಜಿನ್ನನ್ನೂ ಖಾಲಿ ಕಾರನ್ನೂ ಮನೆಗೆ ತಂದು ಬಿಟ್ಟಿತು.

ಅಂಗಳದಲ್ಲಿ ಹೊಸ ತೊಡಕು ಎದುರಾಯಿತು. ವ್ಯಾನಿನಿಂದ ಕೋಳಿ ಏಳಲೊಲ್ಲದು. ವೆಲ್ಡರ್ ಕೈ ಹಾಕಿದಾಗ ಹೆಬ್ಬೆರಳಿಗೆ ಕುಕ್ಕಿತು.

"ಹಂಗೆಲ್ಲ ಎಳೀಬೇಡಿ. ಅದಕ್ಕೊಂದು ಜಾಗ ಮಾಡಿ ಕೊಡಿ."

"ಎಲ್ಲಿ ಮಾಡ್ಲಿ?"

ಹೆಂಡತಿ ರೇಸು ಕಾರಿನ ಕಡೆ ನೋಡಿದಳು. ಅದರ ಬಾನೆಟ್ಟು ತೆರೆದಿತ್ತು. ಒಳಗೆ ಒಂದು ಕೋಳಿಗೆ, ಅದರ ಸಂಸಾರಕ್ಕೆ, ಬಂದುಹೋಗುವ ನೆಂಟರಿಗೆ ಸಾಕಾಗುವಷ್ಟು ಜಾಗವಿತ್ತು. ವೆಲ್ಡರ್ ಗೋಣಿಚೀಲ ಹಾಸಿ, ಹುಲ್ಲು ಹರಡಿದ. ಅವಳು ಕೋಳಿಯನ್ನು ಎರಡೂ ಕೈಯಲ್ಲಿ ಎತ್ತಿ ಅಲ್ಲಿ ಕೂರಿಸಿ, ಹೊಟ್ಟೆಯಡಿಗೆ ಒಂದೊಂದೇ ಮೊಟ್ಟೆ ಸರಿಸಿದಳು. ಕೋಳಿ ಅತ್ತಿತ್ತ ನೋಡಿ, ರೆಕ್ಕೆ ಬಿಡಿಸಿ, ಕಣ್ಣು ಮುಚ್ಚಿತು. ಕತ್ತಲಾಗುವ ಮೊದಲು ಇಂಜಿನ್ನು ವ್ಯಾನಿನಲ್ಲಿ ತನ್ನ ಹಳೆಯ ಬೋಲ್ಟುಗಳಿಗೆ ಬಂದು ಕೂತಿತು.

ಬೆಳಿಗ್ಗೆ ಇಬ್ಬರೂ ಮೊಟ್ಟೆ ಹಾಕಲು ಹೊರಟರು. ಟ್ರೇಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರುವ ಕೆಲಸ ಅಂದಿನಿಂದ ವೆಲ್ಡರನದು. ಬೇಕರಿಯ ಬಾಗಿಲಲ್ಲಿ ಷಡ್ಡಕ ಮಣ್ಣಿನ ಕೈಯಲ್ಲಿ ನಿಂತಿದ್ದ; ಒಳಗೆ ಒಲೆ ಅರ್ಧ ಬಿಚ್ಚಿಕೊಂಡಿತ್ತು, ಹೊಸ ಇಟ್ಟಿಗೆಗಳು ಬಂದು ಬಿದ್ದಿದ್ದವು.

ವೆಲ್ಡರ್ ಒಳಗೆ ಹೋಗಿ ನೀರು ಕೇಳಿ ಕುಡಿದು, ಲೋಟ ಕೆಳಗಿಟ್ಟ. ಹೇಳಬೇಕೆಂದು ಅಷ್ಟು ದಿನ ಕಾದಿಟ್ಟಿದ್ದ ಮಾತು ಯಾವುದೆಂದು ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ.

"ಮುಂದಿನ ರೇಸಿಗೆ ಬರ್ತೀಯೇನೋ ತಮ್ಮ?" ಎಂದು ಷಡ್ಡಕನೇ ಮೆಲ್ಲಗೆ ಕೇಳಿದ, ಒಳಗಿನವರಿಗೆ ಕೇಳಿಸದ ಹಾಗೆ.

"ಬರಬೇಕು ಅಂತಿದ್ದೀನಿ ಅಣ್ಣ," ಎಂದ ವೆಲ್ಡರ್. "ಕೋಳಿ ಎದ್ದ ಮೇಲೆ."